ಸೇನೆ ಮುಗಿಯಿತು, ಅಮ್ಮನ ಆರೈಕೆಯೂ ಮುಗಿಯಿತು. ಈಗ ಯಾರಾದರೂ "ಏನು ಮಾಡಿಕೊಂಡಿದ್ದೀರಿ" ಅಂದರೆ ಏನು ಹೇಳಲಿ?

ಡಿಡಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ನನಗೆ 48 ವರ್ಷ. 21ಕ್ಕೆ ಸೇನೆ ಸೇರಿದೆ, 19 ವರ್ಷ ಸಂಪರ್ಕ ನೋಡಿಕೊಳ್ಳುವ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದೆ. 40ಕ್ಕೆ ಹೊರಗೆ ಬಂದೆ. ಬರಬೇಕು ಅಂತ ಬಂದದ್ದಲ್ಲ, ಅಮ್ಮನಿಗೆ ಸ್ಟ್ರೋಕ್ ಆಯಿತು. ಮೆದುಳಿನ ಎಡಭಾಗಕ್ಕೆ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಆದರೆ ಬಾಯಿಗೆ ಪದ ಬರುತ್ತಿರಲಿಲ್ಲ. ಏಳು ವರ್ಷ ನಾನೇ ನೋಡಿಕೊಂಡೆ. ಎಂಟು ತಿಂಗಳ ಹಿಂದೆ ಹೋದಳು.

ಹೋದ ತಿಂಗಳು ಒಂದು ಕಡೆ ಕೆಲಸಕ್ಕೆ ಮಾತಾಡಲು ಹೋಗಿದ್ದೆ. ಎದುರಿಗೆ ಕೂತವರು ಒಳ್ಳೆಯವರೇ, ನಗುತ್ತಲೇ ಕೇಳಿದರು, "ಸೇನೆ ಸರಿ, ಆಮೇಲೆ ಏಳು ವರ್ಷ ಏನೂ ಮಾಡಲಿಲ್ಲವಾ?" ಅಂತ. "ಮನೆಯಲ್ಲಿದ್ದೆ" ಅಂದುಬಿಟ್ಟೆ. ಹೊರಗೆ ಬಂದಮೇಲೆ ಮೆಟ್ಟಿಲ ಮೇಲೆ ಸುಮಾರು ಹೊತ್ತು ಕೂತಿದ್ದೆ. ಅಮ್ಮನಿಗೆ ಮೋಸ ಮಾಡಿದ ಹಾಗೆ ಅನಿಸಿತು.

ಆ ಏಳು ವರ್ಷದಲ್ಲಿ ಇನ್ನೂ ಎರಡು ವಿಷಯ ನನ್ನ ಬದುಕಿಗೆ ಬಂದವು. ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ಹಾಸಿಗೆ ಹಿಡಿದವರನ್ನು ರಾತ್ರಿಯಲ್ಲೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣು ಬರುತ್ತದೆ. ಹಾಗಾಗಿ ನಿದ್ದೆ ಚೂರು ಚೂರು. ಆ ಮಧ್ಯದ ಹೊತ್ತಿನಲ್ಲಿ ಹ್ಯಾಮ್ ರೇಡಿಯೋ ಹಿಡಿದೆ, ಹವ್ಯಾಸಕ್ಕೆ ದೂರದವರ ಜೊತೆ ರೇಡಿಯೋದಲ್ಲಿ ಮಾತಾಡುವುದು. ಮಾತಾಡಿದರೆ ಅಮ್ಮನಿಗೆ ಎಚ್ಚರ ಆಗುತ್ತದೆ, ಅದಕ್ಕೇ ಬರೀ ಮೋರ್ಸ್, ಅಂದರೆ ಗಿಡ್ಡ ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಸಂಕೇತ. 5 ವಾಟ್ ಶಕ್ತಿಯ ಚಿಕ್ಕ ಸೆಟ್, ಒಂದು ಕಿವಿಗೆ ಮಾತ್ರ ಹೆಡ್‌ಫೋನ್, ಇನ್ನೊಂದು ಕಿವಿ ಅಮ್ಮನಿಗೆ. ರಾತ್ರಿ ಹೊತ್ತು 40 ಮೀಟರ್ ಉದ್ದದ ರೇಡಿಯೋ ಅಲೆಗಳ ಬ್ಯಾಂಡ್‌ನಲ್ಲಿ ಅಷ್ಟು ಕಡಿಮೆ ಶಕ್ತಿಗೂ ಸಾವಿರಾರು ಕಿಲೋಮೀಟರ್ ಆಚೆಯವರು ಸಿಗುತ್ತಾರೆ. ಹಗಲು ಸಿಗ್ನಲ್ ನುಂಗುವ ಪದರವೊಂದು ಆಕಾಶದಲ್ಲಿದೆ, ಸೂರ್ಯ ಮುಳುಗಿದ ಮೇಲೆ ಅದು ಕರಗಿಹೋಗುತ್ತದೆ.

ಮೋರ್ಸ್‌ನಲ್ಲಿ "ಕಾಯಿರಿ" ಅನ್ನುವುದಕ್ಕೆ ಒಂದು ಗುರುತಿದೆ. ಡಿ ಡಾ ಡಿ ಡಿ ಡಿಟ್. ಅಮ್ಮ ಕದಲಿದಾಗೆಲ್ಲ ಅದನ್ನು ಕಳಿಸಿ ಎದ್ದುಹೋಗುತ್ತಿದ್ದೆ. ಮಗ್ಗುಲು ಬದಲಿಸಿ, ಕಾಲ ಕೆಳಗಿನ ದಿಂಬು ಸರಿಮಾಡಿ, ನೀರು ಕೊಟ್ಟು ವಾಪಸ್ ಬಂದರೆ ಬಹಳ ಸಲ ಆಚೆಯವರು ಅಲ್ಲೇ ಇರುತ್ತಿದ್ದರು. ಒಬ್ಬರು 11 ನಿಮಿಷ ಕಾದಿದ್ದಾರೆ, ಲಾಗ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಯಾಕೆ ಎದ್ದುಹೋದಿರಿ ಅಂತ ಅವರು ಕೇಳಲಿಲ್ಲ.

ಇನ್ನೊಂದು ನಕ್ಷತ್ರ. ಹೊಳಪು ಏರಿಳಿಯುವ ನಕ್ಷತ್ರಗಳಿವೆಯಲ್ಲ, ವೇರಿಯಬಲ್ ಸ್ಟಾರ್ ಅನ್ನುತ್ತಾರೆ, ಅವುಗಳ ಹೊಳಪನ್ನು ಬರಿಗಣ್ಣಿನಲ್ಲಿ ಅಂದಾಜು ಮಾಡಿ ಬರೆದಿಡುವುದು. ಅಮ್ಮನ ಕೋಣೆಯ ಕಿಟಕಿಯಿಂದ ಅಲ್ಗಾಲ್ ಅನ್ನುವ ಅಂಥದ್ದೊಂದು ನಕ್ಷತ್ರ ಕಾಣುತ್ತಿತ್ತು. ಅಲ್ಲಿಂದ ಶುರು.

ಈಗ ಸಮಸ್ಯೆ ಏನೆಂದರೆ, ಅಮ್ಮ ಹೋದಮೇಲೆ ರೇಡಿಯೋ ಹಾಕಿಲ್ಲ. ಎಂಟು ತಿಂಗಳಾಯಿತು. ಆದರೆ ಎರಡು ಗಂಟೆಗೊಮ್ಮೆ ಎಚ್ಚರ ಆಗುವುದು ನಿಂತಿಲ್ಲ. ಮನೆಯವರು "ಇದೆಲ್ಲ ಬಿಡು, ಉಪಯೋಗಕ್ಕೆ ಬರುವಂಥದ್ದು ಏನಾದರೂ ಮಾಡು" ಅನ್ನುತ್ತಾರೆ. ಹೊರಗಿನವರಿಗೆ ಸೇನೆ ಅಂದರೆ ಗೊತ್ತಾಗುತ್ತದೆ, ಮಿಕ್ಕಿದ್ದು ಗೊತ್ತಾಗುವುದಿಲ್ಲ. ನಾನು ಬದುಕಿದ್ದನ್ನು ಒಂದು ಉಸಿರಿನಲ್ಲಿ ಹೇಳುವುದು ಹೇಗೆ? ಇಲ್ಲಿ ಯಾರಾದರೂ ಇದೇ ದಾರಿಯಲ್ಲಿ ಬಂದಿದ್ದರೆ ದಯವಿಟ್ಟು ಬರೆಯಿರಿ.

ಕಡತ:

ಮೇಡಂ, ಮೊದಲು ನಿಮ್ಮ ಅಮ್ಮನ ವಿಷಯಕ್ಕೆ ಬೇಸರವಾಯಿತು.

ನಾನು 15 ವರ್ಷ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದಲ್ಲಿದ್ದೆ. ಹಾಗಾಗಿ ಆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ.

ಬಯೋಡೇಟಾದಲ್ಲಿ ಆ ಏಳು ವರ್ಷವನ್ನು ಖಾಲಿ ಬಿಡಬೇಡಿ. "ಕುಟುಂಬದವರ ಪೂರ್ಣಾವಧಿ ಆರೈಕೆ" ಅಂತ ಬರೆದು ಯಾವ ವರ್ಷದಿಂದ ಯಾವ ವರ್ಷ ಅಂತ ಹಾಕಿ. ಮಿಕ್ಕ ಕೆಲಸಗಳ ಹಾಗೇ, ಅದೇ ಅಳತೆಯ ಅಕ್ಷರದಲ್ಲಿ. ಕೇಳಿದರೆ ಎರಡೇ ಮಾತು: "ಅಮ್ಮನಿಗೆ ಸ್ಟ್ರೋಕ್ ಆಗಿತ್ತು, ಅವರನ್ನು ನಾನೇ ನೋಡಿಕೊಂಡೆ. ಈಗ ಪೂರ್ತಿ ಕೆಲಸಕ್ಕೆ ಸಿದ್ಧ ಇದ್ದೇನೆ." ಅಲ್ಲಿಗೆ ನಿಲ್ಲಿಸಿ. ರೋಗದ ವಿವರ ಅವರಿಗೆ ಬೇಕಿಲ್ಲ. ಕ್ಷಮೆ ಕೇಳುವ ದನಿಯಲ್ಲಿ ಹೇಳಬೇಡಿ, ಯಾಕೆಂದರೆ ಕೂತವರು ಪದಕ್ಕಿಂತ ಜಾಸ್ತಿ ದನಿ ಕೇಳಿಸಿಕೊಳ್ಳುತ್ತಾರೆ. ನಾನೂ ಹಾಗೇ ಕೇಳಿಸಿಕೊಂಡಿದ್ದೇನೆ. ಒಂದಿಬ್ಬರಿಗೆ ಅನ್ಯಾಯ ಮಾಡಿದ್ದೇನೆ ಅಂತ ಈಗ ಅನಿಸುತ್ತದೆ.

ಸೇನೆಯ ಭಾಗ ಬರೆಯುವಾಗ ಅಲ್ಲಿನ ಪದಗಳನ್ನು ಹಾಗೇ ಇಡಬೇಡಿ. ಪದವಿಯ ಹೆಸರು, ಯೂನಿಟ್ಟಿನ ಹೆಸರು ಓದಿದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. "ಎಷ್ಟು ಜನರ ತಂಡ, ಎಷ್ಟು ಗಂಟೆ ಪಾಳಿ, ಯಾವ ಉಪಕರಣ ಕೆಟ್ಟಾಗ ಯಾರು ಸರಿಮಾಡುತ್ತಿದ್ದರು" ಅಂತ ಬಿಡಿಸಿ ಬರೆಯಿರಿ. ಹವ್ಯಾಸವನ್ನು ಕೊನೆಯಲ್ಲಿ ಒಂದು ಸಾಲು ಹಾಕಿ. ಮೋರ್ಸ್ ಅಂತ ಕಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ನಿಮ್ಮ ಮುಖ ಅರಳುತ್ತದೆ, ಮಾತು ಸರಾಗ ಆಗುತ್ತದೆ.

ಹಾಸಿಗೆ_ಸಂಖ್ಯೆ_9:

ಡಿಡಾ, ನಾನು ನಿಮಗಿಂತ ದೊಡ್ಡವಳು. 67. ಸೇನೆಯ ನರ್ಸಿಂಗ್‌ನಲ್ಲಿ 22 ವರ್ಷ ಇದ್ದೆ. ನಿವೃತ್ತಿ ಆದ ಎರಡನೇ ವರ್ಷಕ್ಕೆ ಯಜಮಾನರಿಗೆ ಪಾರ್ಕಿನ್ಸನ್ ಅಂತ ಗೊತ್ತಾಯಿತು. ಒಂಬತ್ತು ವರ್ಷ.

ಮೇಲೆ ಕಡತ ಹೇಳಿದ್ದು ಕೆಲಸಕ್ಕೆ ಹೋಗುವವರಿಗೆ ಸರಿ. ಆದರೆ ನೀವು ಕೇಳಿದ್ದು ಅಷ್ಟನ್ನೇ ಅಲ್ಲ ಅಂತ ನನಗೆ ಅನಿಸುತ್ತದೆ. ಅಮ್ಮನ ಕಾಲ ಕೆಳಗೆ ದಿಂಬು ಇಟ್ಟದ್ದನ್ನು ಯಾಕೆ ಕೌಶಲ ಅಂತ ಮಾರಬೇಕು? ಬಯೋಡೇಟಾಗೆ ಒಂದು ಸಾಲು ಕೊಡಿ, ಮಿಕ್ಕಿದ್ದು ನಿಮ್ಮ ಹತ್ತಿರವೇ ಇರಲಿ.

ನಾನು ನರ್ಸ್ ಆಗಿದ್ದವಳು, ಹಾಗಾಗಿ ಎಲ್ಲ ಗೊತ್ತು ಅಂದುಕೊಂಡಿದ್ದೆ. ವಾರ್ಡ್‌ನಲ್ಲಿ ಪಾಳಿ ಮುಗಿಯುತ್ತದೆ. ಇನ್ನೊಬ್ಬಳು ಬರುತ್ತಾಳೆ, ಯಾವ ರೋಗಿಗೆ ಏನಾಗಿದೆ ಅಂತ ಒಪ್ಪಿಸಿ ಮನೆಗೆ ಹೋಗುತ್ತೇವೆ. ಮನೆಯಲ್ಲಿ ಒಪ್ಪಿಸಲು ಯಾರೂ ಇರಲಿಲ್ಲ. ನನ್ನನ್ನು ಸುಸ್ತು ಮಾಡಿದ್ದು ಇದು, ಕೆಲಸ ಅಲ್ಲ. ಸಾಯಂಕಾಲ ಆರು ಗಂಟೆಗೆ ನನ್ನಷ್ಟಕ್ಕೆ ನಾನೇ ಗಟ್ಟಿಯಾಗಿ ಒಪ್ಪಿಸುತ್ತಿದ್ದೆ, "ಇವತ್ತು ಎರಡು ಸಲ ಬಿದ್ದರು, ಮಾತ್ರೆ ಇಷ್ಟು ಗಂಟೆಗೆ, ನಿದ್ದೆ ಇಷ್ಟು" ಅಂತ. ಎದುರಿಗೆ ಯಾರೂ ಇಲ್ಲದಿದ್ದರೂ ಸರಿ, ಹೇಳಿದ ಮೇಲೆ ಹೆಗಲು ಸ್ವಲ್ಪ ಇಳಿಯುತ್ತಿತ್ತು.

ನನ್ನ ಹವ್ಯಾಸ ಹೇಳುತ್ತೇನೆ. ಪಾರ್ಕಿನ್ಸನ್‌ನಲ್ಲಿ ನಡೆಯುತ್ತಾ ಇದ್ದವರ ಕಾಲು ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತದೆ. ಬಾಗಿಲ ಹತ್ತಿರ, ತಿರುವಿನಲ್ಲಿ, ಇಕ್ಕಟ್ಟಾದ ಜಾಗದಲ್ಲಿ ಜಾಸ್ತಿ. ಆಗ ಎಳೆಯಬಾರದು, ಎಳೆದರೆ ಮುಗ್ಗರಿಸುತ್ತಾರೆ. ಸುಮ್ನೆ ನಿಲ್ಲಬೇಕು. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ತೂಗಿಸಬೇಕು, ಮುಂದೆ ನೆಲದಲ್ಲಿ ಒಂದು ಗೆರೆ ತೋರಿಸಿ ಅದನ್ನು ದಾಟಿ ಅನ್ನಬೇಕು. ನಮ್ಮ ಮನೆ ಹಿಂದಿನ ಗೋಡೆ ಪಕ್ಕ ದಿನಾ ನಡೆಯುತ್ತಿದ್ದೆವು. ಅವರು ನಿಂತಾಗ ನಾನೂ ನಿಲ್ಲುತ್ತಿದ್ದೆ. ಎದುರಿಗೆ ಗೋಡೆ. ಗೋಡೆ ತುಂಬ ಪಾಚಿ. ಎಷ್ಟು ದಿನ ಬರೀ ಕಣ್ಣಲ್ಲಿ ನೋಡುವುದು ಅಂತ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಕೈಮಸೂರ ತಂದು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ.

ಅಲ್ಲಿಂದ ಹನ್ನೆರಡು ವರ್ಷ ಆಯಿತು, ಪಾಚಿ ನೋಡುತ್ತಲೇ ಇದ್ದೇನೆ. ಅದಕ್ಕೆ ಬೇರಿಲ್ಲ, ನೀರನ್ನು ಎಲೆಯಿಂದಲೇ ಹೀರುತ್ತದೆ. ಬೇಸಿಗೆಯಲ್ಲಿ ಕೆಲವು ಜಾತಿ ಸುರುಟಿ ಕಂದು ಬಣ್ಣಕ್ಕೆ ಬಂದು ಸತ್ತೇಹೋಯಿತು ಅನ್ನುವ ಹಾಗಿರುತ್ತವೆ. ಒಂದು ಹನಿ ನೀರು ಬಿಟ್ಟು ಮಸೂರದಲ್ಲಿ ನೋಡುತ್ತಾ ಇರಿ. ಕಣ್ಣೆದುರೇ ಎಲೆ ಬಿಚ್ಚಿಕೊಳ್ಳುತ್ತದೆ. ಯಜಮಾನರೂ ಬಗ್ಗಿ ನೋಡುತ್ತಿದ್ದರು. ಕೊನೆಯ ವರ್ಷದಲ್ಲಿ ನಡೆಯಲು ಆಗುತ್ತಿರಲಿಲ್ಲ, ಆಗ ಪಾಚಿ ಇದ್ದ ಒಂದು ಹಂಚಿನ ಚೂರನ್ನು ತಂದು ಹಾಸಿಗೆ ಪಕ್ಕ ಇಟ್ಟಿದ್ದೆ.

ಅವರು ಹೋದಮೇಲೆ ನಾನೂ ನಿಮ್ಮ ಹಾಗೇ ಮಸೂರ ಮುಟ್ಟಲಿಲ್ಲ. ಒಂದು ವರ್ಷದ ಮೇಲೆ ಎರಡು ತಿಂಗಳು. ಆತುರ ಮಾಡಬೇಡಿ.

ಇನ್ನೊಂದು ಮಾತು. ಹ್ಯಾರಿಯೆಟ್ ಟಬ್‌ಮನ್ ಹೆಸರು ಕೇಳಿರುತ್ತೀರಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಜನರನ್ನು ಕರೆತಂದವಳು. ಅವಳ ಮಿಕ್ಕ ಬದುಕು ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ನರ್ಸ್ ಆಗಿದ್ದಳು, ಅಡುಗೆ ಮಾಡಿದಳು, ಬೇಹು ನಡೆಸಿದಳು. 1863ರ ಜೂನ್‌ನಲ್ಲಿ ಕಂಬಾಹೀ ನದಿಯ ದಾಳಿಗೆ ದಾರಿ ತೋರಿಸಿದಳು, 700ಕ್ಕೂ ಹೆಚ್ಚು ಜನ ಅವತ್ತು ಬಿಡುಗಡೆಯಾದರು. ಯುದ್ಧ ಆದಮೇಲೆ ಮನೆಗೆ ಬಂದು ಮುದಿ ಅಪ್ಪ ಅಮ್ಮನನ್ನು ನೋಡಿಕೊಂಡಳು, ತರಕಾರಿ ಬೆಳೆದಳು, ಇಟ್ಟಿಗೆ ಸುಡುವ ಕೆಲಸ ನಡೆಸಿದಳು. 1899ರಲ್ಲಿ ಅವಳ ಪಿಂಚಣಿಯನ್ನು ತಿಂಗಳಿಗೆ 20 ಡಾಲರ್‌ಗೆ ಏರಿಸಿದಾಗ ನರ್ಸ್ ಕೆಲಸವನ್ನು ಲೆಕ್ಕಕ್ಕೆ ಹಿಡಿದರು, ಬೇಹು ನಡೆಸಿದ್ದನ್ನು ಹಿಡಿಯಲಿಲ್ಲ. 1908ರಲ್ಲಿ ಅವಳು ಕೊಟ್ಟ ಜಾಗದಲ್ಲಿ ವೃದ್ಧರಿಗೆ ಮನೆ ಶುರುವಾಯಿತು. 1913ರಲ್ಲಿ ತೀರಿಕೊಂಡದ್ದೂ ಅಲ್ಲೇ. ಇವಳನ್ನು ಒಂದು ಉಸಿರಿನಲ್ಲಿ ಏನು ಅಂತ ಹೇಳುತ್ತೀರಿ? ಹೇಳಲು ಆಗುವುದಿಲ್ಲ, ಅಲ್ವಾ. ಇಷ್ಟಿಷ್ಟೇ ಹೇಳಬೇಕು.

ಅಪ್ಪನ_ಮಗ:

ಡಿಡಾ ಅಕ್ಕಾ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಕ್ಷಮಿಸಿ. ನಾನೇ ಕೇಳಬೇಕಾಗಿದೆ. ನಮ್ಮ ಅಪ್ಪನಿಗೂ ನಾಲ್ಕು ತಿಂಗಳ ಹಿಂದೆ ಹೀಗೇ ಆಯಿತು, ಎಡಭಾಗದ ಮೆದುಳು, ಬಲಗಡೆ ಸ್ವಾಧೀನ ಇಲ್ಲ, ಮಾತಿಲ್ಲ. ಮನೆಯಲ್ಲಿ ನಾನೊಬ್ಬನೇ. ಏನು ಬೇಕು ಅಂತ ಗೊತ್ತಾಗದೆ ಇಬ್ಬರೂ ಅಳುವ ಹಾಗಾಗುತ್ತದೆ. ನಿಮ್ಮ ಅಮ್ಮನ ಜೊತೆ ನೀವು ಏಳು ವರ್ಷ ಹೇಗೆ ಮಾತಾಡಿದಿರಿ? ಮತ್ತೆ ಆ ದಿಂಬು, ಮಗ್ಗುಲು ಎಲ್ಲ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಇದು ನಿಮ್ಮ ವಿಷಯದ ಮಧ್ಯೆ ಬಂದ ಹಾಗಾಯಿತು, ತಪ್ಪು ತಿಳಿಯಬೇಡಿ.

ಡಿಡಾ:

ಕಡತ ಅವರೇ, ಆ ಸಾಲನ್ನು ಇವತ್ತೇ ಹಾಕಿದೆ. ಒಂಬತ್ತನೇ ಹಾಸಿಗೆಯ ಅಕ್ಕಾ, ನಿಮ್ಮ ಗೋಡೆಯ ಪಾಚಿಯನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಆಮೇಲೆ ಬರೆಯುತ್ತೇನೆ. ಮೊದಲು ಈ ತಮ್ಮನಿಗೆ.

ತಪ್ಪೇನಿಲ್ಲ ಕಣಪ್ಪಾ. ಕೇಳು.

ಅಮ್ಮನ ಜೊತೆ ತಟ್ಟುವ ಭಾಷೆ ಮಾಡಿಕೊಂಡಿದ್ದೆವು. ಎಡಗೈ ಸರಿಯಿತ್ತಲ್ಲ, ಹಾಸಿಗೆಯ ಕಂಬಿಗೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ಇಲ್ಲ. ಇಷ್ಟೇ. ಇದನ್ನು ಕೂರಿಸಲು ಮೂರು ವಾರ ಹಿಡಿಯಿತು. ಶುರುವಿನಲ್ಲಿ ನಮಗೆ ಉತ್ತರ ಗೊತ್ತಿರುವ ಪ್ರಶ್ನೆ ಮಾತ್ರ ಕೇಳಬೇಕು. "ಇದು ರಾತ್ರಿನಾ?" "ನಾನು ನಿನ್ನ ಮಗಳಾ?" ಹೀಗೆ. ಅವರ ಕೈ ಹಿಡಿದು ನಾವೇ ತಟ್ಟಿಸಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಕೇಳಿದ ಮೇಲೆ ಕಾಯಬೇಕು, ಮನಸ್ಸಿನಲ್ಲಿ ಹತ್ತು ಎಣಿಸಬೇಕು. ನಾವು ಅವಸರಕ್ಕೆ ಬಿದ್ದು ಎರಡನೇ ಪ್ರಶ್ನೆ ಕೇಳಿದರೆ ಮೊದಲನೆಯದು ಅವರ ತಲೆಯಲ್ಲಿ ಕಲಸಿಹೋಗುತ್ತದೆ. "ನೀರು ಬೇಕಾ ಅಥವಾ ಎದ್ದು ಕೂರಬೇಕಾ" ಅಂತ ಎರಡನ್ನು ಸೇರಿಸಿ ಕೇಳಲೇಬೇಡ. ಟಿವಿ ಆರಿಸು. ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಕೂತು ಕೇಳು.

ಹಾಡಿ ನೋಡು. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ, ಆರು ತಿಂಗಳ ಮೇಲೆ ತಾನಾಗಿ ಗೊತ್ತಾಯಿತು. ನೀರು ಅನ್ನುವ ಪದ ಬಾಯಿಗೆ ಬಾರದ ಅಮ್ಮ ನಾನು ಗುನುಗಿದ ಹಳೆಯ ಹಾಡಿನ ಮುಂದಿನ ಸಾಲನ್ನು ಪೂರ್ತಿ ಹಾಡಿಬಿಟ್ಟಳು. ಸ್ಪಷ್ಟವಾಗಿ. ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ನೆಲಕ್ಕೆ ಬಿತ್ತು. ಮಾತಿಗೆ ಮೆದುಳಿನ ಎಡಭಾಗ ಮುಖ್ಯ, ಹಾಡಿಗೆ ಬಲಭಾಗವೂ ಕೈ ಜೋಡಿಸುತ್ತದೆ ಅಂತ ಆಮೇಲೆ ಸ್ಪೀಚ್ ಥೆರಪಿಯವರು ವಿವರಿಸಿದರು. ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ, ಆದರೆ ಪ್ರಯತ್ನಿಸಲು ಏನೂ ಖರ್ಚಿಲ್ಲ. ಥೆರಪಿ ಸಿಗುವ ಹಾಗಿದ್ದರೆ ತಡ ಮಾಡಬೇಡ, ಮೊದಲ ತಿಂಗಳುಗಳಲ್ಲಿ ಸುಧಾರಣೆ ಜಾಸ್ತಿ.

ಮಗ್ಗುಲು: ಪೂರ್ತಿ ಪಕ್ಕಕ್ಕೆ ಮಲಗಿಸಬೇಡ, ಸೊಂಟದ ಮೂಳೆ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ ಮಾಡು. ದಿನಾ ಬೆನ್ನು, ಸೊಂಟ, ಹಿಮ್ಮಡಿ ನೋಡು. ಕೆಂಪಾದ ಕಡೆ ಬೆರಳಿನಿಂದ ಒತ್ತು. ಒತ್ತಿದಾಗ ಬಿಳಿಯಾಗಿ ಮತ್ತೆ ಕೆಂಪಾದರೆ ಸರಿ. ಬಿಳಿಯಾಗದೆ ಕೆಂಪಾಗೇ ಇದ್ದರೆ ಅದು ಹುಣ್ಣಿನ ಶುರು, ಆ ಕಡೆ ಮಲಗಿಸುವುದು ನಿಲ್ಲಿಸು, ಡಾಕ್ಟರಿಗೆ ತೋರಿಸು. ಎತ್ತುವಾಗ ಸ್ವಾಧೀನ ಇಲ್ಲದ ಕೈ ಹಿಡಿದು ಯಾವತ್ತೂ ಎಳೆಯಬೇಡ, ಭುಜದ ಕೀಲು ಜಾರುತ್ತದೆ. ನಾನು ಮೊದಲ ವಾರ ಹೀಗೆ ಎಳೆದೆ. ಅಮ್ಮನಿಗೆ ನೋವು ಅಂತ ಹೇಳಲೂ ಬರುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಅಂಗಿ ಹಾಕುವಾಗ ಸ್ವಾಧೀನ ಇಲ್ಲದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಊಟ ನೇರ ಕೂರಿಸಿಯೇ ಕೊಡಬೇಕು, ಆಮೇಲೂ ಅರ್ಧ ಗಂಟೆ ಮಲಗಿಸಬೇಡ. ನೀರು ಕುಡಿದಾಗ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ಹಾಗೇ ಬಿಡಬೇಡ, ನುಂಗುವುದನ್ನು ಪರೀಕ್ಷೆ ಮಾಡಿಸು.

ಒಂದು ಪುಸ್ತಕ ಇಡು. ಸಿಗ್ನಲ್ಸ್‌ನಲ್ಲಿ ಬರೆಯದೇ ಇದ್ದದ್ದು ನಡೆದೇ ಇಲ್ಲ ಅನ್ನುವ ಲೆಕ್ಕ. ಆ ಅಭ್ಯಾಸ ನನ್ನನ್ನು ಉಳಿಸಿತು. ಗಂಟೆಯನ್ನು 24ರ ಲೆಕ್ಕದಲ್ಲಿ ಬರೆ, 8 ಅಂದರೆ ಬೆಳಿಗ್ಗೆಯೋ ರಾತ್ರಿಯೋ ಅನ್ನುವ ಗೊಂದಲ ಮಾತ್ರೆ ವಿಷಯದಲ್ಲಿ ಬರಬಾರದು. ನನ್ನ ಪುಸ್ತಕದಲ್ಲಿ ದಿನ ಮಧ್ಯಾಹ್ನ 12ಕ್ಕೆ ಶುರುವಾಗುತ್ತಿತ್ತು. ಮಧ್ಯರಾತ್ರಿಗೆ ಪುಟ ತಿರುವಿದರೆ ಒಂದು ರಾತ್ರಿ ಎರಡು ಪುಟಕ್ಕೆ ಹಂಚಿಹೋಗುತ್ತದೆ. ಮಧ್ಯಾಹ್ನಕ್ಕೆ ತಿರುವಿದರೆ ಇಡೀ ರಾತ್ರಿ ಒಂದೇ ಕಡೆ ಕಾಣುತ್ತದೆ, ಎಷ್ಟು ಸಲ ಎದ್ದರು, ಯಾವ ಹೊತ್ತಿಗೆ ಜ್ವರ ಏರಿತು, ಎಲ್ಲ. ನಕ್ಷತ್ರ ನೋಡುವವರು ಹೀಗೇ ಮಾಡುತ್ತಾರೆ, ಅವರಿಂದ ಕಲಿತೆ.

ಮತ್ತೆ ನೀನು ಒಬ್ಬನೇ ಅಂದೆ. ವಾರಕ್ಕೆ ನಾಲ್ಕು ಗಂಟೆಯಾದರೂ ಬೇರೆ ಯಾರನ್ನಾದರೂ ಕೂರಿಸಿ ಹೊರಗೆ ಹೋಗು. ನಾನು ಮೊದಲ ಎರಡು ವರ್ಷ ಹೋಗಲಿಲ್ಲ. ಸೇನೆಯಲ್ಲಿ ಯಾರನ್ನೂ ಬದಲಿ ಇಲ್ಲದೆ ಕಾವಲಿಗೆ ಹಾಕುವುದಿಲ್ಲ. ಅದು ಗೊತ್ತಿದ್ದೂ ನನಗೆ ನಾನೇ ಆ ನಿಯಮ ಮುರಿದೆ.

ಕೃತ್ತಿಕೆ:

ಮಧ್ಯಾಹ್ನ 12ಕ್ಕೆ ದಿನ ಶುರು ಅಂತ ಓದಿ ಖುಷಿಯಾಯಿತು. ಖಗೋಳದವರ ಜೂಲಿಯನ್ ದಿನದ ಎಣಿಕೆ ಅದು, ಗ್ರೀನ್‌ವಿಚ್ ಮಧ್ಯಾಹ್ನದಿಂದ. ಅದನ್ನು ರೋಗಿಯ ಪಕ್ಕದ ಪುಸ್ತಕಕ್ಕೆ ತಂದವರನ್ನು ನಾನು ನೋಡಿರಲಿಲ್ಲ.

ನಾನೂ ವೇರಿಯಬಲ್ ಸ್ಟಾರ್ ನೋಡುವವಳು. ಗೊತ್ತಿಲ್ಲದವರಿಗೆ ಅಲ್ಗಾಲ್ ವಿಷಯ ಎರಡು ಮಾತು. ಪರ್ಸಿಯಸ್ ನಕ್ಷತ್ರಪುಂಜದಲ್ಲಿದೆ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರ. ಮಂಕಾದದ್ದು ಪ್ರಕಾಶವಾದದ್ದರ ಮುಂದೆ ಬಂದಾಗ ಹೊಳಪು 2.1ರಿಂದ 3.4ಕ್ಕೆ ಇಳಿಯುತ್ತದೆ (ಈ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಹೊಳಪು ಕಡಿಮೆ). ಇದು ಪ್ರತಿ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ. ಇಳಿದು ಏರಲು ಸುಮಾರು ಹತ್ತು ಗಂಟೆ. ಬೇರೆ ದಿನ ಅಲ್ಮಾಕ್ ನಕ್ಷತ್ರದಷ್ಟೇ ಹೊಳೆಯುವುದು ಅವತ್ತು ಗುರುತೇ ಸಿಗದಷ್ಟು ಮಂಕು. 1783ರಲ್ಲಿ ಜಾನ್ ಗುಡ್‌ರಿಕ್ ಅನ್ನುವ ಹುಡುಗ ಇದರ ಅವಧಿ ಲೆಕ್ಕ ಹಾಕಿ, ಯಾವುದೋ ಒಂದು ಕಾಯ ಅಡ್ಡ ಬರುತ್ತಿರಬಹುದು ಅಂದ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ವಯಸ್ಸು ಇನ್ನೂ ಹದಿನೆಂಟೋ ಹತ್ತೊಂಬತ್ತೋ.

ಡಿಡಾ, ನಿಮ್ಮ ನಿದ್ದೆ ವಿಷಯ ನನಗೆ ಚಿಂತೆ ಆಯಿತು. ಎರಡು ಗಂಟೆಗೊಮ್ಮೆ ಏಳುವುದು ಏಳು ವರ್ಷ ಕಲಿತ ಪಾಠ, ಎಂಟು ತಿಂಗಳಲ್ಲಿ ಮರೆಯುವುದಿಲ್ಲ. ನನ್ನ ಅತ್ತೆಯನ್ನು ನೋಡಿಕೊಂಡ ಮೇಲೆ ನನಗೂ ಹೀಗೇ ಆಗಿತ್ತು. ನನಗೆ ಕೈ ಹಿಡಿದದ್ದು ಇಷ್ಟು: ರಾತ್ರಿ ಎಷ್ಟೇ ಕೆಟ್ಟರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಎದ್ದ ತಕ್ಷಣ ಹೊರಗಿನ ಬೆಳಕಿಗೆ ಹೋಗುವುದು, ನಡುರಾತ್ರಿ ಎಚ್ಚರವಾಗಿ 20 ನಿಮಿಷಕ್ಕೆ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಮಂದ ಬೆಳಕಿನಲ್ಲಿ ಕೂರುವುದು. ಆಗ ಗಡಿಯಾರ ನೋಡಬಾರದು. ಇದರಲ್ಲೂ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ, ದುಃಖ ಮೈಯಲ್ಲಿ ಹೀಗೂ ಕೂರುತ್ತದೆ. ನಕ್ಷತ್ರಕ್ಕೆ ನಡುರಾತ್ರಿ ಏಳಬೇಡಿ. ಅಲ್ಗಾಲ್ ಸಂಜೆಯ ಹೊತ್ತಿಗೆ ಮಂಕಾಗುವ ದಿನಗಳನ್ನು ಮಾತ್ರ ಆರಿಸಿಕೊಳ್ಳಿ, ನೋಡಿ ಮಲಗಿ.

ಟಬ್‌ಮನ್ ಬಗ್ಗೆ ಓದಿದಾಗ ನನಗೆ ಕ್ಯಾರೊಲಿನ್ ಹರ್ಶೆಲ್ ನೆನಪಾದಳು. ಅವಳದ್ದು ಸೇನೆ ಅಲ್ಲ. ಆದರೆ ಮೊದಲು ಹಾಡುಗಾರ್ತಿ, ಕಚೇರಿ ಕೊಡುತ್ತಿದ್ದಳು. ಅಣ್ಣ ವಿಲಿಯಮ್ ದೂರದರ್ಶಕದ ಕನ್ನಡಿ ಉಜ್ಜುತ್ತಾ ಗಂಟೆಗಟ್ಟಲೆ ಕೈ ತೆಗೆಯುವ ಹಾಗಿಲ್ಲದಾಗ ಪಕ್ಕದಲ್ಲಿ ನಿಂತು ತುತ್ತು ಬಾಯಿಗಿಡುತ್ತಿದ್ದಳು. 1786ರಿಂದ 1797ರ ಒಳಗೆ ಎಂಟು ಧೂಮಕೇತು ಕಂಡುಹಿಡಿದಳು. ಅಣ್ಣ 1822ರಲ್ಲಿ ತೀರಿಕೊಂಡ. ಅವಳಿಗೆ ಆಗ 72. ಊರಿಗೆ ವಾಪಸ್ ಹೋದಳು, ಅಲ್ಲಿ ಅಷ್ಟೇನೂ ಸಂತೋಷವಾಗಿರಲಿಲ್ಲ. ಆದರೂ ಅಣ್ಣ ನೋಡಿದ್ದ 2,500 ನೀಹಾರಿಕೆಗಳ ಪಟ್ಟಿಯನ್ನು ಕ್ರಮಕ್ಕೆ ಹಾಕಿ ಮುಗಿಸಿದಳು. ಅದಕ್ಕೆ 1828ರಲ್ಲಿ ಲಂಡನ್ನಿನ ಖಗೋಳ ಸಂಘದವರು ಚಿನ್ನದ ಪದಕ ಕೊಟ್ಟರು. ಡಿಡಾ, ನಿಮ್ಮ ಏಳು ವರ್ಷದ ಅಂದಾಜುಗಳನ್ನು ಎಲ್ಲಿಗಾದರೂ ಕಳಿಸಿದ್ದೀರಾ? 1911ರಿಂದ ಇಂಥ ಲೆಕ್ಕ ಕೂಡಿಡುತ್ತಿರುವ ಎಎವಿಎಸ್‌ಒ ಅನ್ನುವ ಸಂಸ್ಥೆ ಇದೆ, ಬರಿಗಣ್ಣಿನ ಅಂದಾಜನ್ನೂ ತೆಗೆದುಕೊಳ್ಳುತ್ತಾರೆ, ಹಳೆಯದನ್ನೂ ಹಾಕಬಹುದು.

ಡಿಡಾ:

ಕೃತ್ತಿಕೆ, ಕಳಿಸಿಲ್ಲ. ಲೆಕ್ಕ ಮಾಡಿದೆ, 611 ಸಾಲುಗಳಿವೆ. ಕೆಲವು ಸಾಲಿನ ಪಕ್ಕ ಅಮ್ಮನ ಜ್ವರದ ಅಂಕಿಯೂ ಇದೆ, ಕತ್ತಲಲ್ಲಿ ಕೈಗೆ ಯಾವ ಪುಸ್ತಕ ಸಿಕ್ಕಿತೋ ಅದರಲ್ಲೇ ಬರೆದಿದ್ದೇನೆ. ಎರಡನ್ನೂ ಬೇರೆ ಮಾಡಬೇಕು. ದಿನಕ್ಕೆ ಹತ್ತು ಸಾಲು ಅಂತ ಶುರು ಮಾಡಿದ್ದೇನೆ. ಮೊದಲ ದಿನ ನಾಲ್ಕೇ ಆಯಿತು.

ಅಕ್ಕಾ, ರೇಡಿಯೋ ಬಗ್ಗೆ. ನಿನ್ನೆ ಹಾಕಿದೆ, ಬರೀ ಕೇಳಲು. ನನ್ನ ವೇಗ ಕಡಿಮೆಯಾಗಿದೆ, ಮೊದಲು ನಿಮಿಷಕ್ಕೆ 20 ಪದ ಹಿಡಿಯುತ್ತಿದ್ದೆ, ಈಗ 14 ಹತ್ತಿರ. ಆ 11 ನಿಮಿಷ ಕಾದವರ ಕರೆ ಗುರುತು, ಅಂದರೆ ರೇಡಿಯೋದಲ್ಲಿ ಅವರ ಹೆಸರು, ಕೇಳಿಸಿತು. ಉತ್ತರ ಕಳಿಸಲು ಕೈ ಹೋಗಲಿಲ್ಲ. ಒಂದು ಕಿವಿಯ ಹೆಡ್‌ಫೋನ್ ತೆಗೆದು ಎರಡೂ ಕಿವಿಗೆ ಹಾಕಿಕೊಳ್ಳಬಹುದಿತ್ತು, ಈಗ ಇನ್ನೊಂದು ಕಿವಿಗೆ ಕೆಲಸ ಇಲ್ಲ. ಆದರೂ ಒಂದಕ್ಕೇ ಹಾಕಿಕೊಂಡಿದ್ದೆ.

ಹಾಸಿಗೆ_ಸಂಖ್ಯೆ_9:

ಹಾಗೇ ಇರಲಿ ಬಿಡು. ನಾನು ಇನ್ನೂ ಗೋಡೆ ಪಕ್ಕ ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲುತ್ತೇನೆ.

ಅಪ್ಪನ_ಮಗ:

ಅಕ್ಕಾ, ಹನ್ನೆರಡು ದಿನ ಪ್ರಯತ್ನಿಸಿದೆ. ತಟ್ಟುವುದು ನಮಗೆ ಆಗುತ್ತಿಲ್ಲ. ಅಪ್ಪ ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಐದಾರು ಸಲ ತಟ್ಟುತ್ತಲೇ ಇರುತ್ತಾರೆ, ಆಮೇಲೆ ಅವರಿಗೇ ಸಿಟ್ಟು ಬರುತ್ತದೆ. ಹಾಡೂ ಬರಲಿಲ್ಲ. ಆದರೆ ನೀರಿನ ಲೋಟ ಮತ್ತು ಕನ್ನಡಕ ಎರಡನ್ನೂ ಮುಂದೆ ಹಿಡಿದರೆ ಒಂದರ ಮೇಲೆ ಕಣ್ಣು ಇಡುತ್ತಾರೆ. ನಿನ್ನೆ ಮೂರು ಸಲ ಕನ್ನಡಕ ನೋಡಿದರು, ಹಾಕಿದೆ, ಸಮಾಧಾನ ಆದರು. ಬೆನ್ನ ಮೇಲೆ ಒಂದು ಕಡೆ ಕೆಂಪಿತ್ತು, ಒತ್ತಿದಾಗ ಬಿಳಿಯಾಯಿತು. ಒಂದೇ ಅನುಮಾನ, ಯಾವಾಗಲೂ ನನ್ನ ಬಲಗೈಯಲ್ಲಿ ಇರುವುದನ್ನೇ ನೋಡುತ್ತಾರೆ, ಅಂದರೆ ಅವರ ಎಡಗಡೆ ಇರುವುದು. ನಿಜವಾಗಿ ಬೇಕು ಅಂತ ನೋಡುತ್ತಾರೋ ಇಲ್ಲವೋ ಗೊತ್ತಾಗುತ್ತಿಲ್ಲ.

ಡಿಡಾ:

ಒಳ್ಳೆಯದನ್ನು ಗಮನಿಸಿದ್ದೀಯ. ತಟ್ಟುವುದು ಬಿಟ್ಟುಬಿಡು, ಕಣ್ಣೇ ಸಾಕು. ಎಡಭಾಗದ ಸ್ಟ್ರೋಕ್‌ನಲ್ಲಿ ಕೆಲವರಿಗೆ ಎರಡೂ ಕಣ್ಣಿನ ಬಲಗಡೆಯ ನೋಟ ಹೋಗಿರುತ್ತದೆ. ಆ ಕಡೆ ಹಿಡಿದದ್ದು ಅವರಿಗೆ ಕಾಣುತ್ತಲೇ ಇರಲಾರದು. ಪಕ್ಕ ಪಕ್ಕ ಹಿಡಿಯಬೇಡ. ಒಂದರ ಮೇಲೆ ಒಂದು, ಲೋಟ ಮೇಲೆ ಕನ್ನಡಕ ಕೆಳಗೆ ಹಾಗೆ ಹಿಡಿ, ಸ್ವಲ್ಪ ಅವರ ಎಡಗಡೆಗೇ ಇರಲಿ. ಆಮೇಲೆ ಮೇಲಿನದನ್ನು ಕೆಳಗೆ ಮಾಡಿ ಇನ್ನೊಂದು ಸಲ ಕೇಳು. ಎರಡು ಸಲವೂ ಅದನ್ನೇ ನೋಡಿದರೆ ಅದೇ ಬೇಕು ಅಂತ ಅರ್ಥ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನೋಟದ ಪರೀಕ್ಷೆ ಮಾಡಿಸು. ಪುಸ್ತಕದಲ್ಲಿ ಇವತ್ತಿನ ದಿನಾಂಕ ಹಾಕಿ ಕನ್ನಡಕದ ವಿಷಯ ಬರೆದಿಡು.